ಒಂದೇ ಕೈಯ ಆಟ

ಎರಡು ಕೈ ಬೇಕಾಗುವ ಆಟ ಅಶ್ವಿತಾಳಿಗೆ ಬೇಡವಾಗಿತ್ತು.

ಆಸ್ಪತ್ರೆಯ ಎದುರಿನ ಎರಿನ್ ಮಿಲ್ಸ್ ಮಾಲಿನ ಆಟಿಕೆ ಅಂಗಡಿಯಲ್ಲಿ ಅವಳು ಡಬ್ಬಿ ಎತ್ತುವುದು, ಹಿಂಬದಿ ಓದುವುದು, ಇಟ್ಟುಬಿಡುವುದು, ಇದನ್ನೇ ಮಾಡುತ್ತಿದ್ದಳು.

“ಎಂತ ಮಾರಾಯ್ರೇ, ಇಷ್ಟರಲ್ಲಿ ಒಂದೂ ಆಗುವುದಿಲ್ಲ ಅಂದ್ರೆ...” ಎಂದು ತನ್ನಷ್ಟಕ್ಕೆ ಗೊಣಗಿದಳು.

ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದು ಪಕ್ಕದಲ್ಲಿದ್ದವನು ತಿರುಗಿದ. ಪಾರ್ಟಿಗೆ ಇದು ಚೆನ್ನಾಗಿರುತ್ತದೆ ಎಂದು ಇಸ್ಪೀಟಿನಂಥ ಎಲೆಗಳ ಡಬ್ಬಿಯೊಂದನ್ನು ಮುಂದೆ ಹಿಡಿದ.

“ಎಲೆ ಹಿಡಿಯಲಿಕ್ಕೆ ಒಂದು ಕೈ, ಎಳೆಯಲಿಕ್ಕೆ ಒಂದು ಕೈ. ಅವರಿಗೆ ಇರುವುದು ಒಂದೇ ಕೈ,” ಎಂದಳು ಸಿಡುಕಿ.

ಅವನು ಡಬ್ಬಿಯನ್ನು ಮೆಲ್ಲನೆ ಕೆಳಗಿಟ್ಟ.

“ಡಯಾಲಿಸಿಸ್ ರೂಮಿಗಾ?”

ಅಶ್ವಿತಾ ಅವನನ್ನು ಸರಿಯಾಗಿ ನೋಡಿದಳು. ಇವನಿಗೆ ಹೇಗೆ ಗೊತ್ತಾಯಿತು?

ಗುರುತಿಲ್ಲದವರ ಮುಂದೆ ದುಃಖ ಬೇಗ ಬಾಯಿ ಬಿಡುತ್ತದೆ. ಅವಳು ಎಲ್ಲವನ್ನೂ ಹೇಳಿಕೊಂಡಳು. ಅವಳ ಅಪ್ಪ ಮೋಹನದಾಸರು ಮೂರು ವರ್ಷ ಆ ಕೋಣೆಯ ಕುರ್ಚಿಯಲ್ಲಿ ಕೂತವರು. ಮೈಯ ರಕ್ತವೆಲ್ಲ ನಳಿಗೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದು ಒಳಗೆ ಬರಬೇಕು. ಅಷ್ಟು ಹೊತ್ತೂ ಸೂಜಿ ಚುಚ್ಚಿದ ಕೈ ಅಲುಗುವಂತಿಲ್ಲ. ಅಕ್ಕಪಕ್ಕದಲ್ಲಿ ಪಂಜಾಬಿ ಲಾರಿ ಡ್ರೈವರ್, ಪೋರ್ಚುಗಲ್ಲಿನ ಒಬ್ಬಳು ಅಜ್ಜಿ, ತಮಿಳು ಮೇಷ್ಟ್ರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಅಪ್ಪ ಅವರನ್ನು ನಗಿಸುತ್ತಿದ್ದರು.

ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಹೂವು ಗೀವು ಬೇಡ, ಅವರ ಹೆಸರಿನಲ್ಲಿ ಆ ಕೋಣೆಯವರು ನಗುವಂಥದ್ದು ಏನಾದರೂ ಕೊಡು ಎಂದಿದ್ದರು ತಾಯಿ ವಿನೋದಾ. ಅಶ್ವಿತಾ ಆಗಲೆಂದಿದ್ದಳು. ಆದರೆ ಮನಸ್ಸಿಗೆ ಮಾತ್ರ ಅಂದೇ ಚಿಲಕ ಹಾಕಿಕೊಂಡಿದ್ದಳು. ಇನ್ನು ಯಾರನ್ನೂ ಹಚ್ಚಿಕೊಳ್ಳಬಾರದು. ಹಚ್ಚಿಕೊಂಡರೆ ತಾನೇ ಕಳೆದುಕೊಳ್ಳುವುದು?

ಅವನು ಎಲ್ಲ ಕೇಳಿಸಿಕೊಂಡು ಹೇಳಿದ. “ಬೇಗ ಮುಗಿಯೋ ಆಟ ನೋಡೋಣ. ಮಧ್ಯದಲ್ಲಿ ಯಾರಿಗಾದ್ರೂ ಬಿಪಿ ಇಳಿಯತ್ತೆ, ನರ್ಸ್ ಓಡಿ ಬರ್ತಾರೆ. ಇನ್ನೊಂದು... ಒಬ್ಬರು ಔಟ್ ಆಗಿ, ಉಳಿದೋರು ಆಡ್ತಾನೇ ಇರೋ ಆಟ ಬೇಡ.”

ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಅಲ್ಲಿಗೆ ಹೋಗುವವರೊಬ್ಬರು ತನಗೆ ಗೊತ್ತು ಎಂದಷ್ಟೇ ಅಂದ.

ಕೊನೆಗೆ ಚಿತ್ರದ ಎಲೆಗಳ ಸಣ್ಣ ಡಬ್ಬಿ ಸಿಕ್ಕಿತು. ಒಬ್ಬರು ಎಲೆ ತೆಗೆದು ಅದರಲ್ಲಿರುವುದನ್ನು ಮೂಕಾಭಿನಯ ಮಾಡಬೇಕು, ಉಳಿದವರು ಕೂತಲ್ಲಿಂದಲೇ ತಮ್ಮ ಮುಂದಿನ ಚಿತ್ರಪಟದಲ್ಲಿ ಅದನ್ನು ಬೆರಳಿಟ್ಟು ತೋರಿಸಬೇಕು. ಕೈಗೆ ಕೈ ಎಟುಕಬೇಕಿಲ್ಲ, ಭಾಷೆಯೂ ಬೇಕಿಲ್ಲ. ಆಡಿ ನೋಡಿಯೇಬಿಡೋಣ ಎಂದು ಫುಡ್ ಕೋರ್ಟಿನಲ್ಲಿ ಕೂತರು. ಅವನು ಬಲಗೈ ಒಂದರಲ್ಲೇ, ಕಚ್ಚಲು ಬಂದ ನಾಯಿಯನ್ನೂ ಓಡುವ ಅಂಚೆಯವನನ್ನೂ ಮಾಡಿ ತೋರಿಸಿದ. ಚಳಿಗಾಲದ ನಂತರ ಅಶ್ವಿತಾ ಅಂದು ಮೊದಲ ಸಲ ನಕ್ಕಳು.

ಅವನ ಹೆಸರು ಸುಮುಖ್. ಮೈಸೂರಿನವನು, ಎಂಜಿನಿಯರು.

ಆಟದ ಡಬ್ಬಿ ಮಾತ್ರ ಆಸ್ಪತ್ರೆಗೆ ಹೋಗಲಿಲ್ಲ. ಅಪ್ಪನ ಕುರ್ಚಿಯಲ್ಲಿ ಬೇರೆಯವರನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಇತ್ತ ಚಿಲಕ ತಾನಾಗಿಯೇ ಸಡಿಲಾಗುತ್ತಿತ್ತು. ಭಾನುವಾರಗಳಲ್ಲಿ ಸುಮುಖ್ ರೈಲು ಹಿಡಿದು ಅವಳ ಊರು ಸ್ಟೌಫ್‌ವಿಲ್‌ಗೆ ಬರುತ್ತಿದ್ದ. ಕೆರೆಯ ಸುತ್ತ ನಡೆಯುತ್ತಿದ್ದರು. ಮಂಗಳವಾರ, ಗುರುವಾರ, ಶನಿವಾರ ಕರೆದರೆ ಮಾತ್ರ ಅವನಿಗೆ ಬಿಡುವಿರುತ್ತಿರಲಿಲ್ಲ.

“ಗುರುವಾರ ರಾಯರ ವಾರ, ಶನಿವಾರ ವೆಂಕಟರಮಣನದ್ದು. ಮಡಿ ಮನೆಯ ಹುಡುಗ. ನಮ್ಮಂಥ ಮೀನು ತಿನ್ನುವವರ ಜೊತೆ ಸರಿಹೋದೀತಾ ಮಗಳೇ?” ಎಂದರು ವಿನೋದಾ.

ಆದರೂ ಅವನನ್ನು ಊಟಕ್ಕೆ ಕರೆದರು. ಹೊಸ ಪಾತ್ರೆ ತಂದರು. ಟೊಮೆಟೊ ಸಾರು, ಬಸಳೆ ಹುಳಿ, ಬಾಳೆಹಣ್ಣಿನ ರಸಾಯನ ಮಾಡಿದರು. ಎಳನೀರು ತರಿಸಿಟ್ಟರು.

ಸುಮುಖ್ ಎಳನೀರು ಒಲ್ಲೆನೆಂದ. ಸಾರು ಬೇಡವೆಂದು ಬಾಳೆಲೆಗೆ ಕೈ ಅಡ್ಡ ಹಿಡಿದ. ಬಸಳೆ, ರಸಾಯನ ಯಾವುದನ್ನೂ ಮುಟ್ಟಲಿಲ್ಲ. ಬರೀ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಎರಡು ತುತ್ತು ಉಂಡ. ಲೋಟದ ನೀರು ತುಟಿಗೆ ತಾಗಿಸಿ ಇಟ್ಟ.

ವಿನೋದಾ ಸಣ್ಣ ದನಿಯಲ್ಲಿ ಅಂದರು. “ಪಾತ್ರೆ ಹೊಸತು ಮಗಾ. ಮೀನು ಮುಟ್ಟಿದ್ದಲ್ಲ.”

“ಅದಕ್ಕಲ್ಲ ಅಮ್ಮ...” ಎಂದ ಅವನು. ಎದುರು ಗೋಡೆಯಲ್ಲಿ, ಹಾರ ಹಾಕಿದ ಫೋಟೋದಲ್ಲಿ ಮೋಹನದಾಸರು ಅವನನ್ನೇ ನೋಡುತ್ತಿದ್ದರು.

ಮುಟ್ಟದ ಬಸಳೆ, ರಸಾಯನವನ್ನು ತಾಯಿ ಎಲೆಯ ಸಮೇತ ಮಡಚಿ ಎತ್ತಿದ್ದನ್ನು ಅಶ್ವಿತಾ ಕಂಡಳು. ಸ್ಟೇಷನ್ನಿನವರೆಗೂ ಅವನೊಂದಿಗೆ ಬಂದವಳು ಪ್ಲಾಟ್‌ಫಾರ್ಮಿನಲ್ಲಿ ತಡೆದುಕೊಳ್ಳಲಾರದೆ ಹೋದಳು.

“ನಮ್ಮ ಮನೆಯ ನೀರೂ ಇಳಿಯುವುದಿಲ್ಲವಾ ನಿಮಗೆ? ಅಷ್ಟು ಜಾತಿ ಇದ್ದವರು ಯಾಕೆ ಬಂದದ್ದು?”

ಅಷ್ಟರಲ್ಲಿ ರೈಲು ಬಂತು.

“ಹಾಗೇ ಅಂದ್ಕೊಳ್ಳಿ,” ಎಂದು ರೈಲು ಹತ್ತಿದ.

ಅವಳು ಅವನ ನಂಬರ್ ಬ್ಲಾಕ್ ಮಾಡಿದಳು. ಹಚ್ಚಿಕೊಳ್ಳಬಾರದೆಂದು ಗೊತ್ತಿದ್ದೂ ಹಚ್ಚಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ತಾಯಿ ಆ ಹೊಸ ಪಾತ್ರೆಗಳನ್ನು ಮತ್ತೆ ಬಳಸಲಿಲ್ಲ.

ಎಲೆ ಉದುರುವ ಕಾಲ ಬಂದಾಗ ವಿನೋದಾ ಇನ್ನೊಮ್ಮೆ ನೆನಪಿಸಿದರು. ಅಪ್ಪನ ವರ್ಷಾಂತಿಕ ಹತ್ತಿರ ಬಂತು, ಆ ಡಬ್ಬಿ ಇನ್ನೂ ಕಪಾಟಿನಲ್ಲೇ ಉಂಟಲ್ಲ ಎಂದರು. ಅಪ್ಪ ಹೋಗುತ್ತಿದ್ದುದು ಸೋಮವಾರ, ಬುಧವಾರ, ಶುಕ್ರವಾರ. ಆ ದಿನಗಳು ಬೇಡವೆಂದು ಅಶ್ವಿತಾ ಶನಿವಾರ ಹೊರಟಳು. ನರ್ಸಿನ ಕೈಗೆ ಕೊಟ್ಟು ಬಾಗಿಲಲ್ಲೇ ತಿರುಗಿ ಬಿಡುವುದೆಂದುಕೊಂಡಿದ್ದಳು.

ನರ್ಸ್ ಬಾಗಿಲು ತೆರೆದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಂಬಳಿ ಹೊದ್ದು, ಎಡಗೈ ಚಾಚಿಕೊಂಡು ಸುಮುಖ್ ಮಲಗಿದ್ದ.

ಅಶ್ವಿತಾ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಳು.

ಟೊಮೆಟೊ ಆಗದು. ಬಾಳೆಹಣ್ಣು ಆಗದು. ಸೊಪ್ಪು, ಎಳನೀರು ವಿಷ. ನೀರು ಅಳತೆಯಲ್ಲಿ... ಮೂರು ವರ್ಷ ಅಪ್ಪನಿಗೆ ಅದೇ ಪಥ್ಯದ ಅಡಿಗೆ ಬೇಯಿಸಿ ಹಾಕಿದವಳು ನಾನು! ನನಗೇ ಕಾಣಲಿಲ್ಲವೇ? ಅವಮಾನ ಕಣ್ಣಿಗೆ ಕವಿದರೆ ಕಂಡದ್ದೂ ಕಾಣುವುದಿಲ್ಲ. ದಿನಾ ಕಂಡ ರೋಗ ಬಿಟ್ಟು, ಕಾಣದ ಮಡಿಯನ್ನು ಅವನ ತಲೆಗೆ ಕಟ್ಟಿದ್ದಳು.

ಅವನು ಕಣ್ಣು ತೆರೆದ. ಅವಳನ್ನು ಕಂಡು ಕಂಬಳಿಯನ್ನು ಎಡಗೈ ಮೇಲೆ ಎಳೆದುಕೊಳ್ಳಲು ನೋಡಿದ.

“ಯಾಕೆ ಹೇಳಲಿಲ್ಲ?” ಅವಳು ಕೇಳಿದಳು.

“ಏನಂತ ಹೇಳಲಿ ಅಶ್ವಿತಾ? ಆ ಫೋಟೋ ಕೆಳಗೆ ಕೂತ್ಕೊಂಡು, ನಿಮ್ಮಮ್ಮನ ಎದುರು?” ಅವನು ಉಸಿರು ತೆಗೆದುಕೊಂಡ. “ಜಾತಿ ಅಂತ ಬೈದ್ರಲ್ಲ, ಒಂಥರಾ ನಿರಾಳ ಆಯ್ತು. ಬೈಕೊಂಡಾದ್ರೂ ದೂರ ಇರ್ತಾರಲ್ಲ ಅಂತ.”

“ಕಿಡ್ನಿ?”

“ಕಾಯ್ತಾ ಇದೀನಿ. ಸಿಗಬಹುದು. ಸಿಗದೇನೂ ಇರಬಹುದು.”

ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಹೊರಟುಬಿಡು, ಹೊರಟುಬಿಡು ಎಂದು ಅವಳ ಒಳಗಿನಿಂದ ಯಾರೋ ಹೇಳುತ್ತಿದ್ದರು. ಬಾಗಿಲು ದೂರವಿರಲಿಲ್ಲ. ಆದರೆ ಈ ಬೇಸಿಗೆಯೆಲ್ಲ ಅವನನ್ನು ದ್ವೇಷಿಸಿಯೂ ಒಂದು ಕ್ಷಣ ಮರೆಯಲಾಗಿರಲಿಲ್ಲ. ಕಳೆದುಕೊಳ್ಳುವ ನೋವು ಅವಳಿಗೆ ಆಗಿಯೇ ಹೋಗಿತ್ತು, ಅವನು ಬದುಕಿದ್ದಾಗಲೇ.

ಅವಳು ಡಬ್ಬಿಯನ್ನು ನರ್ಸಿನ ಕೈಗಿತ್ತು ಅವನ ಬಳಿ ಬಂದಳು.

“ಅಮ್ಮನಿಗೆ ನಾನೇ ಹೇಳ್ತೇನೆ. ಅಳ್ತಾರೆ. ಆಮೇಲೆ ಉಪ್ಪಿಲ್ಲದ ಎಲೆಕೋಸಿನ ಪಲ್ಯ ಮಾಡಿ ನಿಮ್ಮನ್ನು ಕರೀತಾರೆ.”

ಅವನ ಕಣ್ಣಂಚು ಒದ್ದೆಯಾಯಿತು. “ಬೇಡ ಕಣ್ರೀ. ಒಂದ್ಸಲ ನೋಡಿದೀರಲ್ಲ, ಕೊನೆಗೆ ಏನಾಗತ್ತೆ ಅಂತ. ನಿಮಗೆ ಹೆದರಿಕೆ ಆಗಲ್ವಾ?”

“ಆಗ್ತದೆ. ತುಂಬ ಆಗ್ತದೆ.” ಅವಳು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ತಣ್ಣಗಿತ್ತು. “ಮನೆಯಲ್ಲಿ ಒಬ್ಬಳೇ ಕೂತು ಹೆದರುವುದಕ್ಕಿಂತ ಇಲ್ಲಿ ಕೂತು ಹೆದರ್ತೇನೆ. ಆಗದಾ?”

ಸುಮುಖ್ ಮೂಲೆಯ ಕಡೆ ಗಲ್ಲ ತಿರುಗಿಸಿದ.

“ಅಲ್ಲೊಂದು ಸ್ಟೂಲ್ ಇದೆ. ಎಳ್ಕೊಂಡು ಬನ್ನಿ... ಇನ್ನೂ ಎರಡು ಗಂಟೆ ಆಗತ್ತೆ.”

“ಆಗಲಿ,” ಎಂದಳು ಅಶ್ವಿತಾ.