ಸೋರುವ ರೇಡಿಯೇಟರ್

ಬಾನೆಟ್ಟಿನ ಸಂದಿಯಿಂದ ಹಬೆ ಉಗುಳುತ್ತ ಆ ಹಳೆಯ ನೀಲಿ ಕಾರು ಗ್ಯಾರೇಜಿಗೆ ಬಂದಾಗ ಚಿಕ್ಕ ಮೇಸ್ತ್ರಿಗೆ ಮೊದಲು ಆದದ್ದು ಸಂತೋಷ. ಹಿಂದಿನ ಸೀಟಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಹೆಂಗಸನ್ನು ಕಂಡದ್ದೇ ಆ ಸಂತೋಷ ಜರ್ರನೆ ಇಳಿದುಹೋಯಿತು.

"ಮತ್ತೆ ಕುದೀತು," ಎಂದ ಪಶುವೈದ್ಯ, ಇಳಿಯುತ್ತ. "ಅಮ್ಮನ ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಬರ್ತಿದ್ದೆ. ಒಂದೂವರೆ ಗಂಟೆ ಬಿಸಿಲಲ್ಲಿ ನಿಂತಿದ್ವಿ. ಆಮೇಲೆ ನೀರು ಹಾಕ್ಕೊಂಡು, ಹಾಕ್ಕೊಂಡು ಬಂದ್ವಿ."

ಮೇಸ್ತ್ರಿಗೆ ಮೂವತ್ತೆರಡು ವರ್ಷ. ಅಪ್ಪನ ಮಂಡಿ ಕೈಕೊಟ್ಟ ಮೇಲೆ ಗ್ಯಾರೇಜು ಅವಳದೇ. ಗಿರಾಕಿಗಳೆಲ್ಲ ಚಿಕ್ಕ ಮೇಸ್ತ್ರಿ ಅನ್ನುತ್ತಿದ್ದರು. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವವಳು, ಈ ಡಾಕ್ಟರ ಮುಂದೆ ಮಾತ್ರ ನಾಲಿಗೆ ಕಳೆದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಆ ಕಾರಿನ ರೇಡಿಯೇಟರ್ ಮೂರು ಸಲ ಸೋರಿತ್ತು, ಮೂರು ಸಲವೂ ಅವಳು ಬೆಸುಗೆ ಹಾಕಿದ್ದಳು. ಅದು ಆರುವವರೆಗೆ ಅವನು ಪಕ್ಕದಲ್ಲೇ ಕೂತು, ಇಂಜೆಕ್ಷನ್ ನೋಡಿ ಮೂರ್ಛೆ ಹೋದ ನಾಯಿಯ ಕಥೆ, ನಾಯಿಗಿಂತ ಮೊದಲೇ ಮೂರ್ಛೆ ಹೋದ ಅದರ ಯಜಮಾನನ ಕಥೆ ಹೇಳುತ್ತಿದ್ದ. ಅವಳು ನಗು ತಡೆಯಲಾರದೆ ಮುಖ ತಿರುಗಿಸುತ್ತಿದ್ದಳು. ತಿರುಗಿಸಿದ ಮುಖವನ್ನೂ ಅವನು ಬಿಡದೆ ನೋಡುತ್ತಿದ್ದ.

ಮೂರನೆಯ ಸಲ ಅವನೇ ಕೇಳಿದ್ದ: "ಬದಲಾಯಿಸ್ಬೇಕಾ?"

"ಬೇಡ. ಬೆಸುಗೆ ಸಾಕು," ಅಂದುಬಿಟ್ಟಿದ್ದಳು. ಒಳಗಿನ ಜಾಲರಿ ಪೂರ್ತಿ ಸವೆದುಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಹೊಸದು ಹಾಕಿದರೆ ಐದು ವರ್ಷ ಅವನು ಈ ಕಡೆ ತಲೆ ಹಾಕುವುದಿಲ್ಲ ಎಂಬುದೂ ಗೊತ್ತಿತ್ತು.

ಅಪ್ಪ ಕುಂಟುತ್ತ ಬಂದು ಆ ತಾಯಿಯನ್ನು ಒಳಗೆ ಫ್ಯಾನಿನ ಕೆಳಗೆ ಕೂರಿಸಿದರು. ನೀರು ಕೊಡಲು ಹೋದವಳ ಕೈ ಹಿಡಿದುಕೊಂಡು ಆಕೆ ತೆರೆದಿದ್ದ ಒಂದು ಕಣ್ಣಲ್ಲೇ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಆ ಮೆಕ್ಯಾನಿಕ್ ನೀನೇನಾ? ನಮ್ಮವನಿಗೆ ಮನೇಲಿ ಬೇರೆ ಮಾತೇ ಇಲ್ಲ ಕಣಮ್ಮ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಹೊರಗೆ ಅವನು ತಗ್ಗಿದ ದನಿಯಲ್ಲಿ ಹೇಳಿದ. "ನಂಗೆ ವರ್ಗ ಆಗಿದೆ. ನಾಡಿದ್ದೇ ಹೊರಡ್ಬೇಕು. ಆರು ಗಂಟೆ ದಾರಿ. ಈ ಕಾರು ಅಷ್ಟು ದೂರ ಬರುತ್ತಾ?"

ಅವಳು ಕಾರಿನ ಕಡೆ ತಿರುಗಿದಳು. "ಬರೋ ಹಾಗೆ ಮಾಡ್ತೀನಿ."

ಎಂಜಿನ್ ತಣ್ಣಗಾದ ಮೇಲೆ ನೀರು ಬಸಿದಳು. ಪೈಪುಗಳ ಕ್ಲಿಪ್ ಸಡಿಲಿಸಿ, ಬೋಲ್ಟು ಬಿಚ್ಚಿ, ಹಳೆಯ ರೇಡಿಯೇಟರನ್ನು ಮೇಲಕ್ಕೆತ್ತಿದಳು. ಬೆರಳು ತಾಗಿದಲ್ಲೆಲ್ಲ ತಗಡು ಉದುರಿತು. ಅಂಗಡಿಯಿಂದ ತರಿಸಿದ ಹೊಸದನ್ನು ಇಳಿಸುವಾಗ ಅವನು ಇನ್ನೊಂದು ತುದಿ ಹಿಡಿದ. ಕೈಗೆ ಕೈ ತಗುಲಿತು, ಇಬ್ಬರೂ ತೆಗೆಯಲಿಲ್ಲ. ಪ್ರತಿ ಬೋಲ್ಟು ಬಿಗಿಯುವಾಗಲೂ ಅವನನ್ನು ತಾನೇ ಊರು ಬಿಡಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ಸಡಿಲ ಬಿಡಲು ಕೈ ಬರಲಿಲ್ಲ.

ಕೂಲಂಟ್ ತುಂಬಿ ಎಂಜಿನ್ ಚಾಲೂ ಮಾಡಿದರು. ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏರಿ ಮಧ್ಯದಲ್ಲಿ ನಿಂತಿತು.

"ಭೇಷ್!" ಅಂದ ಅವನು.

"ಡಾಕ್ಟ್ರೇ, ಹೋದ ಸಲಾನೇ ಇದನ್ನ ಹಾಕ್ಬೇಕಿತ್ತು. ನಂಗೆ ಗೊತ್ತಿತ್ತು. ಬೇಕಂತಲೇ ಬೇಡ ಅಂದೆ."

"ಯಾಕೆ?"

"ಕೆಟ್ರೆ ನೀವು ಮತ್ತೆ ಬರ್ತೀರಲ್ಲ... ಅದಕ್ಕೆ."

ಅವನ ಮುಖದ ನಗು ನಿಧಾನವಾಗಿ ಆರಿತು. ಒಳಗೆ ಒರಗಿ ಕಣ್ಣು ಮುಚ್ಚಿದ್ದ ತಾಯಿಯ ಕಡೆ ನೋಡಿದ.

"ಅಮ್ಮ ಇದ್ರು ಕಾರಲ್ಲಿ," ಅಂದ. ಅಷ್ಟೇ. ತಾಯಿಯನ್ನು ಕೈಹಿಡಿದು ತಂದು ಕೂರಿಸಿಕೊಂಡು ಹೊರಟುಹೋದ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಏನು ಹೇಳ್ದೆ ಮಗಳೇ? ತಪ್ಪನ್ನೋ, ಇಷ್ಟಾನೋ?"

"ಎರಡನ್ನೂ."

"ಹಾಗಾದ್ರೆ ಇನ್ನು ನಿನ್ನ ಕೈಲಿ ಏನೂ ಇಲ್ಲ."

ನಿಜಕ್ಕೂ ಇರಲಿಲ್ಲ. ಫೋನ್ ಎತ್ತಿಕೊಂಡು ಅವನ ನಂಬರಿನವರೆಗೆ ಹೋಗುತ್ತಿದ್ದಳು, ಅಲ್ಲಿಂದ ಮುಂದೆ ಬೆರಳು ಓಡುತ್ತಿರಲಿಲ್ಲ. ಕ್ಷಮೆ ಕೇಳಿದರೆ ಅದೂ ಅವನನ್ನು ಕರೆಸಿಕೊಳ್ಳುವ ಇನ್ನೊಂದು ನೆಪವಾದೀತು. ಒಂದು ದಿನ ಬ್ರೇಕ್ ಆಯಿಲ್ ಹಾಕುವ ಕಡೆ ನೀರು ಹಾಕಲು ಹೋಗಿ ಅಪ್ಪನ ಕೈಲಿ ಬೈಸಿಕೊಂಡಳು. ಬೈದ ಅಪ್ಪನೇ ಆಮೇಲೆ ಟೀ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

ಹನ್ನೆರಡನೆಯ ದಿನ ಮಧ್ಯಾಹ್ನ ನೀಲಿ ಕಾರು ಬಂದು ನಿಂತಿತು.

ಮತ್ತೆ ಸೋರಿತೇ ಅಂದುಕೊಂಡಳು ಅವಳು. ಓಡಿಹೋಗಿ ಬಾನೆಟ್ ಎತ್ತಿದಳು. ಕ್ಲಿಪ್ಪುಗಳು, ಪೈಪುಗಳು, ಎಲ್ಲ ಒಣಗಿದ್ದವು. ಒಂದು ಹನಿ ಇಲ್ಲ.

"ಏನಾಯ್ತು ಡಾಕ್ಟ್ರೇ?"

"ಏನೂ ಆಗಿಲ್ಲ. ಆರು ಗಂಟೆ ಓಡ್ಸಿದೀನಿ, ಮುಳ್ಳು ಅಲ್ಲಾಡ್ಲಿಲ್ಲ."

"ಮತ್ತೆ... ಯಾಕೆ ಬಂದ್ರಿ?"

"ಮೂರು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಈ ಹಾಳು ಕಾರು ಯಾಕೆ ಕೆಡ್ತಿಲ್ಲ ಅಂತ ಸಿಟ್ಟು ಬಂತು." ಅವನು ತಲೆ ಕೆರೆದುಕೊಂಡ. "ಕೆಡದೇ ಇದ್ರೂ ಬರಬಹುದಲ್ವೋ ಪೆದ್ದ ಅಂತ ಅಮ್ಮನೇ ಹೇಳ್ಬೇಕಾಯ್ತು."

ಕಣ್ಣು ತುಂಬಿ ಬಂತು. ಕೈತುಂಬ ಗ್ರೀಸು, ಒರೆಸಿಕೊಳ್ಳಲೂ ಆಗದೆ ಅವಳು ಹಾಗೇ ನಿಂತಳು. ಅವನು ಹತ್ತಿರ ಬಂದು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ.

"ಎಷ್ಟೊತ್ತು ಇರ್ತೀರಾ?"

"ಸಂಜೆ ಹೊರಡ್ಬೇಕು. ನಾಳೆ ಡ್ಯೂಟಿ."

"ಹಾಗಾದ್ರೆ ಬಾನೆಟ್ ಮುಚ್ಚಿ," ಅಂದಳು ಚಿಕ್ಕ ಮೇಸ್ತ್ರಿ. "ಒಳಗೆ ಬನ್ನಿ."