ಗಡಿಗೆಮನೆಯ ಕಲ್ಬಾಯಿ

ಕಲ್ಬಾಯಿ ಭೂತದ ಬಿಸಿಯುಸಿರು ಬೆನ್ನಿಗೆ ತಾಗಿಯೂ ಬದುಕಿದವರಲ್ಲಿ ಈಗ ಉಳಿದಿರೋನು ನಾನೊಬ್ಬನೇ. ಮಿಕ್ಕವರೆಲ್ಲ ಮಣ್ಣಾದರು. ಬೇಕಾದರೆ ಹೋಗಿ ಅವರನ್ನೇ ಕೇಳಿ!

ಆ ಕಾಲಕ್ಕೆ ಹೊಂಬಾಳೆಪುರ ಅಂತೊಂದು ರಾಜ್ಯ. ಅಲ್ಲಿಯವರ ಪ್ರಾಣವೆಲ್ಲ ಅರಮನೆಯ ಗಡಿಗೆಮನೆಯಲ್ಲಿ, ಒಬ್ಬೊಬ್ಬರದು ಒಂದೊಂದು ಗಡಿಗೆಯಲ್ಲಿ. ಕಾಯುವವಳು ಸಣ್ಣೀರಿ. ಒಂದು ದಿನ ಮಾಂತ್ರಿಕ ಕರಿಗೂಗ ನುಗ್ಗಿ ಅವಳ ಅಕ್ಕ ಬೆಳ್ಳವ್ವನ ಗಡಿಗೆ ಒಡೆದ. ಪ್ರಾಣ ಮೂರು ಚೂರಾಗಿ, ಅದೇ ಮನೆಯಲ್ಲಿ ಖಾಲಿ ಸಿಕ್ಕ ಗಡಿಗೆಗಳಲ್ಲಿ ಒಂದಕ್ಕೊಂದು ದೂರವಾಗಿ ಅಡಗಿತು. ಅಕ್ಕ ಕಣ್ಣು ಬಿಟ್ಟುಕೊಂಡೇ ತಣ್ಣಗಾಗತೊಡಗಿದಳು.

ಚೂರುಗಳು ಕಲ್ಲುಬೆಟ್ಟದ ಗವಿ ಸೇರಿದರೆ ಒಂದಾಗುತ್ತವೆ, ಮಂತ್ರವೂ ಮುರಿಯುತ್ತದೆ. ಒಯ್ಯಬಲ್ಲದ್ದು ಆ ಗವಿಯ ಭೂತ ಕಲ್ಬಾಯಿ ಮಾತ್ರ. ಅದು ಕುರುಡು, ಕಿವುಡು. ನೂಲಿನ ಜಾಡು ಹಿಡಿದು ನಾಲಿಗೆ ಚಾಚುತ್ತದೆ. ನೂಲು ತಾಗಿದ ಗಡಿಗೆಯನ್ನೆಲ್ಲ ಹೀರುತ್ತದೆ.

ಭಾವ ಮಲಿಯಪ್ಪ ಅವಸರಗೇಡಿ. ಮೊದಲ ಚೂರಿನಿಂದ ಕೊನೆಯದಕ್ಕೆ ಗಡಿಗೆಗಳ ಸಾಲಿನ ಮೇಲೆ ನೇರ ನೂಲೆಳೆದ. ನಡುವಿನದೆಲ್ಲ ಬರಿದಾಯಿತು, ಚೂರುಗಳು ಮಾತ್ರ ಬೆದರಿ ಬೇರೆ ಗಡಿಗೆಗಳಿಗೆ ನುಣುಚಿಕೊಂಡವು. ಒಂದು ಕೇರಿಗೆ ಕೇರಿಯೇ ತುತ್ತು ಬಾಯಲ್ಲಿಟ್ಟುಕೊಂಡು ಉರುಳಿತು. ಭಾವನೂ ಉರುಳಿದ.

"ಬೇಡ ಕಣೆ ತಂಗಿ, ಅದಕ್ಕೆ ಸಾಕು ಅನ್ನೋದೇ ಗೊತ್ತಿಲ್ಲ," ಎಂದಳು ಅಕ್ಕ.

"ಉಣ್ಣೋರಿಗೆಲ್ಲ ಗೊತ್ತಿರತ್ತೆ ಅಕ್ಕ. ತಿಳಿಯೋ ಹಾಗೆ ಹೇಳ್ಬೇಕು."

ಸಣ್ಣೀರಿ ಚೂರುಗಳನ್ನು ಮತ್ತೆ ಹುಡುಕಿ, ಒಬ್ಬಳೇ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನೂಲನ್ನು ಮೊದಲ ಚೂರಿನ ಗಡಿಗೆಗೆ ಕಟ್ಟಿ, ಜಂತಿಯ ಮೇಲಿಂದ ಹಾಯಿಸಿ ಎರಡನೆಯದಕ್ಕೆ, ಮತ್ತೆ ಮೇಲಿಂದ ಮೂರನೆಯದಕ್ಕೆ ಇಳಿಸಿದಳು. ನಡುವೆ ಒಂದಕ್ಕೂ ತಾಗಿಸಲಿಲ್ಲ.

ನಾಲಿಗೆ ಬಂತು. ಮೊದಲನೆಯದು, ಗುಳುಕ್. ಎರಡನೆಯದು, ಗುಳುಕ್. ಮೂರನೆಯದು, ಗುಳುಕ್. ನೂಲು ಮುಗಿಯಿತು, ನಾಲಿಗೆ ನಿಲ್ಲಲಿಲ್ಲ. ತಡಕುತ್ತ ತಡಕುತ್ತ ಪಕ್ಕದ ಗಡಿಗೆಗೆ ಬಂತು. ಅದು ಸಣ್ಣೀರಿಯದೇ! "ಸಾಕು!" ಎಂದು ಚೀರಿದಳು. ಕಿವುಡಿಗೆ ಏನು ಕೇಳೀತು?

ಪಂಕ್ತಿಯಲ್ಲಿ ಕೂತವರು ಸಾಕಾದಾಗ ಏನು ಮಾಡುತ್ತಾರೆ? ಅವಳು ಎರಡೂ ಅಂಗೈ ಗಡಿಗೆಯ ಬಾಯಿಗೆ ಅಡ್ಡ ಹಿಡಿದಳು. ನಾಲಿಗೆ ಬೆರಳ ಮೇಲೆ ಹರಿದು ಚರ್ಮ ಸುಲಿಯಿತು. ಕೈ ತೆಗೆಯಲಿಲ್ಲ. ಭೂತವೂ ಹಿಂದೆ ಅರಮನೆಯ ಪಂಕ್ತಿಯಲ್ಲಿ ಉಂಡದ್ದೇ. ಎಲೆಗೆ ಕೈ ಅಡ್ಡ ಬಂದರೆ ಮುಗಿಯಿತು ಎಂಬುದು ಅದಕ್ಕೂ ಗೊತ್ತಿತ್ತು. ನಾಲಿಗೆ ಮಡಚಿಕೊಂಡು ಬೆಟ್ಟಕ್ಕೆ ಹೋಯಿತು.

ಗವಿಯಲ್ಲಿ ಚೂರುಗಳು ಕೂಡಿದವು. ಕರಿಗೂಗ ಉಪ್ಪಿನಂತೆ ಕರಗಿದ. ಅಕ್ಕ ಎದ್ದು ಕೂತಳು. ಭೂತ ಹೀರಿದ್ದ ಪ್ರಾಣಗಳೂ ಗಡಿಗೆಗೆ ಮರಳಿ, ಉರುಳಿದ್ದ ಭಾವನೂ ಕೇರಿಯವರೂ ಎದ್ದು, ಬಾಯಲ್ಲಿದ್ದ ತುತ್ತನ್ನೇ ಅಗಿದು ನುಂಗಿ, ನೂರ್ಕಾಲ ಸುಖವಾಗಿದ್ದರು.

"ಅಲ್ಲ ತಾತ," ಎಂದಳು ಕೇಳುತ್ತ ಕೂತಿದ್ದ ಜಟ್ಟೆಮ್ಮ. "ಅವಳೊಬ್ಬಳೇ ಅಗುಳಿ ಹಾಕ್ಕೊಂಡಿದ್ಲು ಅಂದ್ರಿ. ನಿಮ್ಮ ಬೆನ್ನಿಗೆ ಉಸಿರು ತಾಗಿದ್ದೆಲ್ಲಿ?"

ನಾನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಸಣ್ಣೀರಿ ಗಡಿಗೆಯಾಚೆ ಇನ್ನೊಂದು ಗಡಿಗೆ ಇತ್ತಲ್ಲ, ಅದ್ರಲ್ಲಿ ಇದ್ದೆ ಅಂತಿಟ್ಕೊಳ್ಳವ್ವ."