ವಾಯರ್ ಸುತ್ತಿಟ್ಟ ಕಳ್ಳ

೧೯೯೮ರ ಫೆಬ್ರವರಿ ಹನ್ನೊಂದು, ಬುಧವಾರ ಬೆಳಿಗ್ಗೆ ಮರಾಠಿಕೊಪ್ಪದ ಪರಿಮಳಾ ಹೆಗಡೆ ಶಿರಸಿ ಠಾಣೆಗೆ ಬಂದರು. ತೀರಿಕೊಂಡ ಗಂಡನ ಗಿಟಾರ್ ಕಳುವಾಗಿದೆ ಎಂಬುದು ಅವರ ದೂರು. ಪಿಎಸ್‌ಐ ಚನ್ನವೀರಪ್ಪ ಹಾವನೂರರಿಗೆ ಲೋಕಸಭೆ ಚುನಾವಣೆಯ ಬಂದೋಬಸ್ತಿನಲ್ಲಿ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಇದರ ನಡುವೆ ತಂತಿವಾದ್ಯ ಹುಡುಕುವ ಕೆಲಸ ಬೇರೆ ಬಂತಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಆದರೂ ಎಫ್‌ಐಆರ್ ಬರೆಸಿದರು.

“ಎಂಥಾ ಗಿಟಾರ್ ರೀ ಅದು?”

“ಕರೆಂಟಿಂದು. ಅಮೆರಿಕದ್ದು, ಐವತ್ತೆಂಟನೇ ಇಸವಿದು. ನಮ್ಮನೆಯವರು ಮುಂಬಯಿ ಹೋಟೆಲಲ್ಲಿ ಮ್ಯಾನೇಜರ್ ಆಗಿದ್ದಾಗ, ಬ್ಯಾಂಡಿನ ಬಿಳಿಯ ಒಬ್ಬ ತನ್ನ ದೇಶಕ್ಕೆ ವಾಪಸ್ ಹೋಗ್ತಾ ಕೊಟ್ಟದ್ದು. ಅಂಥದ್ದು ಈಗ ಎಲ್ಲೂ ಸಿಗೂದಿಲ್ಲ.”

“ಕಡೀಕ ಯಾವಾಗ ನೋಡಿದ್ರಿ?”

“ಸೋಮವಾರ. ನಿನ್ನೆ ಸೋಂದಾ ಮಠಕ್ಕೆ ಹೋಗಿ ಸಂಜೆ ಬಂದೆ. ಇವತ್ತು ಪೆಟ್ಟಿಗೆ ತೆಗೆದ್ರೆ ಖಾಲಿ. ಭಾನುವಾರ ಅವರ ನೆನಪಿನ ಕಾರ್ಯಕ್ರಮ ಇದೆ ಸಾಹೇಬ್ರೆ. ಮುಂಬಯಿಂದ ಅವರ ಸ್ನೇಹಿತ್ರು ಬಂದು ಅದನ್ನೇ ಬಾರಿಸಿ, ಆಮೇಲೆ ತಗಂಡು ಹೋಗ್ತಾರೆ. ಮಾತು ಕೊಟ್ಟಾಗಿದೆ. ಅಷ್ಟರೊಳಗೆ ಹುಡುಕಿ ಕೊಡಿ.”

ಹೆಡ್ ಕಾನ್ಸ್‌ಟೇಬಲ್ ಗಜಾನನ ಮಡಿವಾಳನನ್ನು ಕರೆದುಕೊಂಡು ಹಾವನೂರ ಪರಿಮಳಾ ಅವರ ಮನೆಗೆ ಹೋಗಿ ಪಂಚನಾಮೆ ಮಾಡಿದರು. ಹಿಂಬಾಗಿಲ ಅಗುಳಿಯನ್ನು ಯಾರೋ ತೆಳ್ಳಗಿನ ಪಟ್ಟಿ ಹಾಕಿ ಸರಿಸಿದ್ದರು. ಬೆಳ್ಳಿಯ ದೀಪ, ಟಿ.ವಿ. ಎಲ್ಲ ಇದ್ದಲ್ಲೇ ಇದ್ದವು. ಗಿಟಾರಿಗೆ ಜೋಡಿಸುವ ಆಂಪ್ಲಿಫೈಯರ್ ಒಂದಾಳು ಎತ್ತಲಾರದಷ್ಟು ಭಾರ. ಅದೂ ಅಲ್ಲೇ ಇತ್ತು. ಆದರೆ ಅದರ ಕರೆಂಟಿನ ವಾಯರನ್ನು ಯಾರೋ ಒಪ್ಪವಾಗಿ ಸುರುಳಿ ಸುತ್ತಿ, ತುದಿಯನ್ನು ನಡುವಿಗೆ ಎರಡು ಸುತ್ತು ಹಾಕಿ, ಪಿನ್ನನ್ನು ಒಳಗೆ ಸಿಕ್ಕಿಸಿ ಮೇಲಿಟ್ಟಿದ್ದರು.

“ಇದನ್ನ ನೀವು ಸುತ್ತಿಟ್ರೇನ್ರಿ?”

“ಇಲ್ಲ. ನಮ್ಮನೇಲಿ ಅದು ಯಾವತ್ತೂ ನೆಲದ ಮೇಲೇ ಬಿದ್ಕಂಡಿರ್ತಿತ್ತು. ಕಾಲಿಗೆ ಸಿಕ್ಕೀ ಸಿಕ್ಕೀ ಸಾಕಾಗಿತ್ತು.”

“ಕಸ ಗುಡಿಸಿ ಹೋಗ್ಲಿಲ್ಲ ಪುಣ್ಯ,” ಎಂದ ಮಡಿವಾಳ. ಹಾವನೂರ ನಗಲಿಲ್ಲ. ವಾಯರಿನ ಸಂಗತಿಯನ್ನೂ ಪಂಚನಾಮೆಯಲ್ಲಿ ಸೇರಿಸಿದರು.

ಶಿರಸಿಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. ಆ ಗಿಟಾರಿನ ಬೆಲೆ ತಿಳಿದವನು ಈ ಕಡೆ ಒಬ್ಬನೇ, ಸಿದ್ದಾಪುರದ ಆರ್ಕೆಸ್ಟ್ರಾದಲ್ಲಿ ಬಾರಿಸುವ ಉಲ್ಲಾಸ ಎಂದು ಗೊತ್ತಾಯಿತು. ಗುರುವಾರ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋದರು.

“ಆ ಗಿಟಾರ್ ಬಾರಿಸೀಯೇನು?”

“ಒಂದೇ ಸಲ ಸರ್, ಹೆಗಡೇರು ಇದ್ದಾಗ. ಬೆರಳು ಇನ್ನೂ ತಂತಿ ಒತ್ತಿರೂದಿಲ್ಲ, ಎದೇಲಿ ಗುಂಯ್ ಅಂತದೆ. ಮೆಲ್ಲಗೆ ಮುಟ್ಟಿದ್ರೆ ಪಿಸುಗುಟ್ಟಿದ ಹಂಗೆ, ಜೋರಾಗಿ ಮುಟ್ಟಿದ್ರೆ ಮೈ ಎಲ್ಲ ಝುಂ. ಮನೆಗೆ ಬಂದವ ನನ್ನ ಗಿಟಾರ್ ಒಂದು ವಾರ ಮುಟ್ಟಲಿಲ್ಲ. ಬಾಯಿರುಚಿ ಕೆಟ್ಟಿತ್ತು.”

“ಮಂಗಳವಾರ ಎಲ್ಲಿದ್ದಿ?”

“ಕುಮಟೆಯಲ್ಲಿ, ಮದುವೆ ಮನೇಲಿ. ಊರಿಗೆ ಊರೇ ನನ್ನ ನೋಡಿದೆ, ಬೇಕಾದ್ರೆ ಕೇಳಿ.”

ಹೊರಗೆ ಬಂದಾಗ ಬಸ್‌ಸ್ಟ್ಯಾಂಡಿನ ಎದುರು ಚುನಾವಣಾ ಸಭೆ ಮುಗಿದು ಮೈಕಿನವರು ಸಾಮಾನು ಕಟ್ಟುತ್ತಿದ್ದರು. ಒಬ್ಬ ಹೆಬ್ಬೆರಳಿಗೂ ಮೊಣಕೈಗೂ ವಾಯರನ್ನು ಸರಸರನೆ ಸುತ್ತಿ, ತುದಿಯನ್ನು ನಡುವಿಗೆ ಎರಡು ಸುತ್ತು ಹಾಕಿ, ಪಿನ್ ಸಿಕ್ಕಿಸಿ ಜೀಪಿಗೆ ಎಸೆದ. ಹಾವನೂರ ನಿಂತಲ್ಲೇ ನಿಂತರು.

“ಎಲ್ಲಾರೂ ಹಿಂಗ ಸುತ್ತತೀರೇನೋ?”

“ಹೌದ್ರಾ. ಇಲ್ದಿದ್ರೆ ಸಿಕ್ಕು ಬಿಡಿಸೂದ್ರೊಳಗೆ ಬೆಳಗಾಗ್ತದೆ. ಬೇರೆಯವ್ರ ವಾಯರ್ ಆದ್ರೂ ಕಳಚಿದ ಮೇಲೆ ಕೈ ಸುಮ್ನೆ ಇರೂದಿಲ್ಲ.”

ಹಾವನೂರ ಅಲ್ಲಿಂದಲೇ ಪರಿಮಳಾ ಅವರಿಗೆ ಫೋನ್ ಮಾಡಿದರು. ಭಾನುವಾರದ ಕಾರ್ಯಕ್ರಮಕ್ಕೆ ಮೈಕ್ ಯಾರದು ಎಂದು ಕೇಳಿದರೆ, ಯಲ್ಲಾಪುರದ ವೆಂಕಟ್ರಮಣ ನಾಯ್ಕಂದು ಎಂದರು. ಗಿಟಾರಿಗೆ ಮೈಕ್ ಹೇಗೆ ಕೊಡುವುದೆಂದು ನೋಡಲು ಅವನು ಸೋಮವಾರ ಮನೆಗೆ ಬಂದಿದ್ದನಂತೆ. ಮರುದಿನವೂ ಬರುತ್ತೇನೆ ಎಂದವನಿಗೆ, ತಾನು ಸೋಂದಾಕ್ಕೆ ಹೋಗುವವಳು, ಬರಬೇಡ ಎಂದು ಪರಿಮಳಾ ಅವರೇ ಹೇಳಿದ್ದರಂತೆ.

ಶುಕ್ರವಾರ ಸಂಜೆ ಯಲ್ಲಾಪುರ ಪೇಟೆಯಲ್ಲಿ ಪ್ರಚಾರದ ಜೀಪುಗಳು ಕಿವಿ ಕಿತ್ತುಹೋಗುವಂತೆ ಅರಚುತ್ತಿದ್ದವು. ನಾಯ್ಕನ ಮೈಕ್ ಅಂಗಡಿ ಮಾತ್ರ ಬಾಗಿಲು ಹಾಕಿತ್ತು. ಎರಡು ಪಾರ್ಟಿಯವರು ಬಂದು ಗೋಗರೆದರೂ ಅವನು ಒಲ್ಲೆ ಎಂದನೆಂದು ಪಕ್ಕದ ಅಂಗಡಿಯವರು ಹೇಳಿದರು. ಮೈಕಿನವನು ಚುನಾವಣೆಯಲ್ಲಿ ಮನೆ ಹಿಡಿದು ಕೂರುವುದೆಂದರೆ ಸುಗ್ಗಿಯಲ್ಲಿ ಕುಡುಗೋಲು ಅಡಗಿಸಿಟ್ಟ ಹಾಗೆ. ಹಾವನೂರರಿಗೆ ಅಷ್ಟು ಸಾಕಾಯಿತು.

ಚಂದಗುಳಿ ರಸ್ತೆಯಲ್ಲಿದ್ದ ಮನೆಗೆ ನಾಲ್ಕೂವರೆಗೆ ತಲುಪಿದರು. ಅಂಗಳದಲ್ಲಿದ್ದ ಹೆಂಡತಿ ಸುಬ್ಬಿ ಪೊಲೀಸರನ್ನು ಕಂಡು ಸೆರಗು ಸರಿಮಾಡಿಕೊಂಡಳು.

“ಹಿಂದಿನ ಕೊಟ್ಟಿಗೇಲಿ ಅವ್ರೆ. ಮೂರು ದಿನ ಆಯ್ತು, ಊಟಕ್ಕೆ ಕರೆದ್ರೆ ನಗ್ತಾ ಬರ್ತ್ರು. ನಂಗೆ ಆಗ್ಲೇ ಹೆದ್ರಿಕೆ ಆಗಿತ್ತು.”

ಕೊಟ್ಟಿಗೆಯೊಳಗಿಂದ ಗಿಟಾರಿನ ಸದ್ದು ಬರುತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತಟ್ಟಿದರು. ತೆರೆದವನು ಐವತ್ತರ ಹತ್ತಿರದ ಸಣಕಲು ಮನುಷ್ಯ. ಖಾಕಿ ಕಂಡು ಓಡಲಿಲ್ಲ. ಒಳಗೆ ಹೋಗಿ ಮೈಕಿನ ಪೆಟ್ಟಿಗೆ ಆರಿಸಿದ, ಗಿಟಾರನ್ನು ಕಂಬಳಿಯ ಮೇಲೆ ಮಲಗಿಸಿದ, ವಾಯರು ಕಳಚಿ ಮೊಣಕೈಗೆ ಸುತ್ತತೊಡಗಿದ. ಅದನ್ನು ಕಂಡು ಮಡಿವಾಳ ಹಾವನೂರರ ಮುಖ ನೋಡಿದ.

“ಯಾಕ ತಗೊಂಡಿ?”

“ಭಾನುವಾರ ಮೈಕ್ ಕಟ್ಟುಕೆ ಹೋದಾಗ ಅಲ್ಲೇ ಇಟ್ಟು ಬಪ್ಪುದು ಅಂತ ಮಾಡಿದ್ದೆ. ಆಂಪ್ಲಿಫೈಯರ್ ಎತ್ತುಕಾಗ್ಲಿಲ್ಲ, ಬಿಟ್ಟೆ.”

“ಕೇಳಬೇಕಿತ್ತು.”

“ಕೇಳಿದ್ದೆ ಸರ್, ಎಪ್ಪತ್ತೊಂಬತ್ತರಲ್ಲಿ. ಶಿರಸೀಲಿ ಕಾರ್ಯಕ್ರಮ. ಹೆಗಡೇರು ಚಾ ಕುಡಿಯೂಕೆ ಹೋದಾಗ ಟೆಸ್ಟಿಂಗ್‌ಗೆ ಅಂತ ಒಂದೆರಡು ನಿಮಿಷ ಬಾರಿಸ್ದೆ. ಅದೇ ಹುಚ್ಚಿಗೆ ಹುಬ್ಬಳ್ಳಿಯಿಂದ ಒಂದು ಗಿಟಾರ್ ತಂದು ಕಲ್ತೆ. ಇನ್ನೊಂದು ಸಲ ಕೊಡಿ ಅಂದ್ರೆ, ‘ಇದು ಮೈಕ್ ಕಟ್ಟೋರ ಕೈಗೆ ಹೇಳಿದ್ದಲ್ಲ’ ಅಂದ್ರು. ಈಗ ಮುಂಬಯಿಗೆ ಹೋದ್ರೆ ಮುಗೀತಲ್ಲ.”

ಐಪಿಸಿ ೪೫೪ ಮತ್ತು ೩೮೦ನೇ ಕಲಮಿನಡಿ ವೆಂಕಟ್ರಮಣನ ಬಂಧನವಾಯಿತು. ಗಿಟಾರನ್ನು ಜಪ್ತಿ ಮಾಡಿ ಅರಗು ಹಾಕಿದರು.

ಶನಿವಾರ ಪರಿಮಳಾ ಠಾಣೆಗೆ ಬಂದರು. ಗಿಟಾರ್ ಈಗ ಮುದ್ದೆಮಾಲು, ನ್ಯಾಯಾಲಯದ ಆದೇಶವಾಗದೆ ಬಿಡುವಂತಿಲ್ಲ, ನಾಳೆಗೆ ಸಿಗುವುದಿಲ್ಲ ಎಂದು ಹಾವನೂರ ತಿಳಿಸಿದರು. ಪರಿಮಳಾ ಅವರ ಮುಖ ಬಾಡಿತು. ಕಳ್ಳನ ಹೇಳಿಕೆಯನ್ನೂ ಹಾವನೂರ ಓದಿ ಹೇಳಿದರು.

“ಹೆಂಗೆ ಬಾರಿಸ್ತಿದ್ದ ಅವ?”

“ನನಗ ಗಿಟಾರ್ ತಿಳಿಯೂದಿಲ್ರಿ ಅಮ್ಮಾ. ಬಾಗಲಾ ಬಡಿಯೂದು ಇಪ್ಪತ್ತು ನಿಮಿಷ ತಡಾ ಮಾಡಿದ್ವಿ, ಅಷ್ಟ.”

ಪರಿಮಳಾ ತಲೆ ತಗ್ಗಿಸಿದರು.

“ನಮ್ಮನೆಯವರು ಬಾರಿಸೂಕೆ ಕೂತ್ರೆ ನಾನು ಒಳಗಿಂದ ಬಾಗಿಲು ಹಾಕ್ಕಳ್ತಿದ್ದೆ,” ಎಂದರು. ಆಮೇಲೆ ಗಿಟಾರ್ ಗುರುತಿಸಿದ ಕಾಗದಕ್ಕೆ ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು.